ಮೊದಲು ಕನ್ನಡದಲ್ಲಿ ಹೇಳಿ

ನಿವೃತ್ತಿ ಎಂದರೆ ಅರವತ್ತು ತುಂಬಿರಬೇಕು, ಶಾಲು ಹೊದಿಸಿರಬೇಕು ಎಂದುಕೊಂಡವರಿಗೆ ಮೊದಲೇ ಹೇಳಿಬಿಡುತ್ತೇನೆ: ನನಗಿನ್ನೂ ನಲವತ್ತಾಗಿಲ್ಲ. ಆದರೂ ನಾನು ಮಾಡುತ್ತಿದ್ದ ಕೆಲಸದಿಂದ ನಿವೃತ್ತಳಾಗಿದ್ದೇನೆ. ಮತ್ತೆ ಅದಕ್ಕೆ ಹೋಗುವುದಿಲ್ಲ. ಬಿಟ್ಟ ಕಾರಣ ನನ್ನದು, ಅದು ಇಲ್ಲಿ ಬೇಡ. ಕೆಲಸ ಹೇಗಿತ್ತು ಎನ್ನುವುದನ್ನು ಮಾತ್ರ ಬರೆಯುತ್ತೇನೆ. ಇತ್ತೀಚೆಗೆ ಇದೇ ದಾರಿ ಹಿಡಿದ ಕೆಲವರು ಫೋನ್ ಮಾಡಿ, 'ಮೇಡಂ, ಯಾವ ಪುಸ್ತಕದಿಂದ ಪಾಠ ಮಾಡ್ತಿದ್ರಿ?' ಎಂದು ಕೇಳುತ್ತಾರೆ. ಪುಸ್ತಕದ ಹೆಸರು ಹೇಳಿದರೆ ಅವರಿಗೆ ಹೆಚ್ಚು ಉಪಯೋಗವಾಗುವುದಿಲ್ಲ.

ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯಕ್ಕೆ ವಲಸೆ ಹೋಗಬಯಸುವ ನುರಿತ ಕೆಲಸಗಾರರನ್ನು ಅಲ್ಲಿಯ ಅಧಿಕಾರಿಗಳು ಫ್ರೆಂಚಿನಲ್ಲಿ ನಡೆಸುವ ಸಂದರ್ಶನಕ್ಕೆ ತಯಾರು ಮಾಡುವುದು ನನ್ನ ಕೆಲಸವಾಗಿತ್ತು. ಇದನ್ನು ನಾನು ಮಾಡಿದ್ದು ಆಸ್ಟ್ರೇಲಿಯಾದಲ್ಲಿ ಎಂದರೆ ಊರಿನವರು ನಗುತ್ತಾರೆ. ಒಂದು ಪರದೇಶದಲ್ಲಿ ಕೂತು ಇನ್ನೊಂದು ಪರದೇಶಕ್ಕೆ ಯಾಕೆ ಹೋಗುತ್ತಾರೆ? ಕಾರಣ ಸರಳ. ಆಸ್ಟ್ರೇಲಿಯಾದಲ್ಲಿ ಬಹಳ ಜನರ ವೀಸಾ ಅವರ ಕಂಪನಿಗೆ ಅಂಟಿಕೊಂಡಿತ್ತು. ಗಣಿಗಾರಿಕೆಯ ಭರಾಟೆ ತಗ್ಗಿದಾಗ ಯೋಜನೆಗಳು ಮುಗಿದವು, ಕೆಲವು ವೃತ್ತಿಗಳು ಬೇಡಿಕೆಯ ಪಟ್ಟಿಯಿಂದ ಬಿದ್ದುಹೋದವು. ಮಕ್ಕಳು ಆಗಲೇ ಅಲ್ಲಿನ ಶಾಲೆಗೆ ಹೊಂದಿಕೊಂಡಿದ್ದರು, ಊರಿಗೆ ಮರಳುವುದು ಕಷ್ಟವಾಗಿತ್ತು. ಆಗ ಯಾರೋ ಹೇಳುತ್ತಿದ್ದರು, 'ಫ್ರೆಂಚ್ ಕಲಿತ್ರೆ ಕ್ವಿಬೆಕ್‌ಗೆ ಅಪ್ಲೈ ಮಾಡ್ಬಹುದಂತೆ.' ಆ 'ಅಂತೆ'ಯನ್ನು ಹಿಡಿದುಕೊಂಡು ನಮ್ಮ ಕಚೇರಿಗೆ ಬರುತ್ತಿದ್ದರು.

ಕಚೇರಿ ಬ್ರಿಸ್ಬೇನ್‌ನ ಸನ್ನಿಬ್ಯಾಂಕ್‌ನಲ್ಲಿ, ಒಂದು ಚೀನೀ ದಿನಸಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಪಾಠದ ನಡುವೆ ಕೆಳಗಿನಿಂದ ಒಣಮೀನಿನ ವಾಸನೆ ಬಂದರೆ ನಮ್ಮ ಸಸ್ಯಾಹಾರಿಗಳು ಕಿಟಕಿ ಮುಚ್ಚಿಬರುತ್ತಿದ್ದರು. ಯಜಮಾನಿ ಮಾರಿಷಸ್‌ನವರು. ನಾವೆಲ್ಲ ಅವರನ್ನು ಮದಾಮ್ ಎನ್ನುತ್ತಿದ್ದೆವು. ಅರ್ಜಿ, ದಾಖಲೆ, ವಯಸ್ಸು ಓದು ಅನುಭವಗಳಿಗೆ ಕ್ವಿಬೆಕ್ ಕೊಡುವ ಅಂಕಗಳ ಲೆಕ್ಕಾಚಾರ ಅವರದು. ಮಾತು ಕಲಿಸುವುದು ನನ್ನದು ಮತ್ತು ಇನ್ನಿಬ್ಬರು ಶಿಕ್ಷಕಿಯರದು. ಬ್ರಿಸ್ಬೇನ್‌ನಲ್ಲಿ ವಾರದ ತರಗತಿ. ಪರ್ತ್ ಮತ್ತು ಅಡಿಲೇಡ್‌ಗೆ ತಿಂಗಳಿಗೊಮ್ಮೆ ಹೋಗಿಬರುತ್ತಿದ್ದೆ. ತರಗತಿಯಲ್ಲಿ ಫ್ರೆಂಚ್ ಬಿಟ್ಟು ಬೇರೆ ಭಾಷೆಯ ಒಂದು ಪದವೂ ಬೀಳಕೂಡದು ಎನ್ನುವುದು ಮದಾಮ್ ಅವರ ಕಟ್ಟುನಿಟ್ಟಿನ ನಿಯಮ. ಫ್ರೆಂಚ್ ಎಂ.ಎ. ಮಾಡಿಕೊಂಡು ಬಂದಿದ್ದ ನನಗೂ ಅದು ಸರಿಯೆಂದೇ ತೋರಿತ್ತು.

ಮೊದಲ ವರ್ಷಗಳಲ್ಲಿ ನಾನು ಮಾದರಿ ಉತ್ತರಗಳನ್ನು ಬರೆದುಕೊಡುತ್ತಿದ್ದೆ. ನಮ್ಮವರಿಗೆ ಅದು ಪ್ರಾಣ. ಹಳೆಯ ಪ್ರಶ್ನೆಪತ್ರಿಕೆ, ಗೈಡು, ಬಾಯಿಪಾಠ, ಹೀಗೆಯೇ ಎಂಜಿನಿಯರಿಂಗ್ ದಾಟಿ ಬಂದವರು. ನಾನು ಒಬ್ಬರಿಗೆ ಕೊಟ್ಟದ್ದು ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತುತ್ತಿತ್ತು.

ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿ ಗಿರೀಶ್ ಎನ್ನುವ ಸಿವಿಲ್ ಎಂಜಿನಿಯರ್ ಇದ್ದರು. ಕ್ವಿಬೆಕ್ ಅಧಿಕಾರಿಗಳು ನಮ್ಮೂರಿಗೇ ಬಂದು ನಡೆಸಿದ ಸಂದರ್ಶನ ಮುಗಿಸಿಕೊಂಡು ನೇರ ನಮ್ಮ ಕಚೇರಿಗೆ ಬಂದು ಕುರ್ಚಿಯಲ್ಲಿ ಕುಸಿದರು.

'ಏನಾಯ್ತು ಗಿರೀಶ್?'

'ಬಿಡುವಿನ ವೇಳೇಲಿ ಏನ್ ಮಾಡ್ತೀರಾ ಅಂತ ಕೇಳಿದ್ರು ಮೇಡಂ. ನೀವು ಬರ್ಕೊಟ್ಟಿದ್ದೇ ಹೇಳ್ದೆ. ವಾರಾಂತ್ಯದಲ್ಲಿ ಸ್ನೇಹಿತರ ಜೊತೆ ಬೆಟ್ಟ ಹತ್ತಿ ಪ್ರಕೃತಿ ಸೌಂದರ್ಯ ಸವೀತೀನಿ ಅಂತ.'

'ಸರಿ, ಆಮೇಲೆ?'

'ಆ ಅಧಿಕಾರಿ ಪೆನ್ ಕೆಳಗಿಟ್ರು. ನಿನ್ನೆಯಿಂದ ಬಂದೋರೆಲ್ಲ ಅದೇ ಬೆಟ್ಟ ಹತ್ತಿದಾರೆ, ಅಲ್ಲಿ ಬಹಳ ನೂಕುನುಗ್ಗಲು ಇರ್ಬೇಕಲ್ವಾ ಅಂದ್ರು.'

'ನೀವೇನಂದ್ರಿ?'

'ಹೌದು ಸರ್, ಪಾರ್ಕಿಂಗೂ ಸಿಗಲ್ಲ ಅಂದ್ಬಿಟ್ಟೆ.'

ಗಿರೀಶ್ ಪಾಸಾದರು, ಪಾರ್ಕಿಂಗ್ ಮಾತು ಅವರ ಸ್ವಂತದ್ದಾಗಿತ್ತಲ್ಲ, ಬಹುಶಃ ಅದರಿಂದಲೇ. ಅವರು ಜೀವನದಲ್ಲಿ ಬೆಟ್ಟ ಹತ್ತಿದವರಲ್ಲ. ಶನಿವಾರ ದೋಸೆಗೆ ರುಬ್ಬಿ, ಭಾನುವಾರ ಕ್ರಿಕೆಟ್ ನೋಡುವವರು. ದೋಸೆಯ ಬಗ್ಗೆ ಕೇಳಿದ್ದರೆ ಅವರು ಯಾವ ಭಾಷೆಯಲ್ಲಾದರೂ ಅರ್ಧ ಗಂಟೆ ಮಾತಾಡುತ್ತಿದ್ದರು. ಆವತ್ತಿನಿಂದ ಮಾದರಿ ಉತ್ತರ ಬರೆದುಕೊಡುವುದನ್ನು ನಿಲ್ಲಿಸಿದೆ. ಹೊಸಬರು ಇದೊಂದನ್ನಾದರೂ ನೆನಪಿಡಲಿ: ನಿಮ್ಮ ವಿದ್ಯಾರ್ಥಿ ದೋಸೆ ಹೊಯ್ಯುವವನಾದರೆ ಅವನನ್ನು ಬೆಟ್ಟ ಹತ್ತಿಸಬೇಡಿ.

ಇದಾದ ಮೇಲೆ ನನ್ನ ಕೆಲಸದ ರೀತಿಯನ್ನು ಪೂರ್ತಿ ಬದಲಾಯಿಸಿದ್ದು ಪರ್ತ್‌ನ ಒಂದು ಸಂಸಾರ. ಗಂಡ ರಘುನಂದನ್, ಹೆಂಡತಿ ಜಯಶ್ರೀ, ಇಬ್ಬರೂ ಮೈಸೂರಿನವರು. ಶಾಲೆಗೆ ಹೋಗುವ ಮಗಳು ತನ್ವಿ. ರಘು ಮೆಕ್ಯಾನಿಕಲ್ ಎಂಜಿನಿಯರ್. ಅವರ ಕಂಪನಿ ಕೈಗೊಂಡಿದ್ದ ಗಣಿ ಯೋಜನೆ ಮುಗಿಯುತ್ತ ಬಂದಿತ್ತು. ಅದು ಮುಗಿದರೆ ಅವರ ವೀಸಾವೂ ಮುಗಿಯುತ್ತದೆ, ಅವರ ವೀಸಾದ ನೆರಳಿನಲ್ಲಿದ್ದ ಜಯಶ್ರೀಯ ಕೆಲಸವೂ ಹೋಗುತ್ತದೆ. ಮದಾಮ್ ದಾಖಲೆಗಳನ್ನು ನೋಡಿ ಅಂಕ ಕೂಡಿಸಿದಾಗ ಗಂಡನಿಗಿಂತ ಹೆಂಡತಿಗೆ ಹೆಚ್ಚು ಬಂತು. ಜಯಶ್ರೀ ಆಹಾರ ವಿಜ್ಞಾನ ಓದಿದವರು, ವಯಸ್ಸೂ ಕಡಿಮೆ, ಕೈಯಲ್ಲಿ ಪ್ರಯೋಗಾಲಯದ ಅನುಭವವಿತ್ತು. ಹಾಗಾಗಿ ಅರ್ಜಿ ಅವರ ಹೆಸರಿನಲ್ಲಿ ಹೋಯಿತು. ಅರ್ಜಿಯಲ್ಲಿ ರಘು ಹೆಂಡತಿಯನ್ನು ಅವಲಂಬಿಸಿದವರು. ಸಂದರ್ಶನದಲ್ಲಿ ಜಯಶ್ರೀ ಗೆದ್ದರೆ ಮೂವರೂ ಕ್ವಿಬೆಕ್‌ಗೆ. ಇಲ್ಲವಾದರೆ ಮೂವರೂ ಮೈಸೂರಿಗೆ. ನಡುವೆ ಬೇರೆ ದಾರಿ ಇರಲಿಲ್ಲ.

ಪಾಠ ಅವರ ಮನೆಯ ಊಟದ ಮೇಜಿನ ಮೇಲೆ ನಡೆಯುತ್ತಿತ್ತು. ಜಯಶ್ರೀಯ ವ್ಯಾಕರಣ ಚೊಕ್ಕಟ. ಬರವಣಿಗೆಯಲ್ಲಿ ತಪ್ಪು ಹುಡುಕಲು ನಾನು ಕಷ್ಟಪಡಬೇಕಾಗಿತ್ತು. ಆದರೆ ಬಾಯಿಬಿಟ್ಟು ಕೇಳಿದ ಪ್ರಶ್ನೆಗೆಲ್ಲ ಉತ್ತರ ರಘು ಅವರಿಂದ ಬರುತ್ತಿತ್ತು.

'ಜಯಶ್ರೀ, ನೀವು ಎಲ್ಲಿ ಕೆಲಸ ಮಾಡುತ್ತೀರಿ?' ಎಂದು ನಾನು ಫ್ರೆಂಚಿನಲ್ಲಿ ಕೇಳುತ್ತಿದ್ದೆ. ಅವರು ಗಂಡನ ಮುಖ ನೋಡುತ್ತಿದ್ದರು. ಗಂಡ, 'ಅವಳು ಹಣ್ಣಿನ ರಸದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ' ಎಂದು ತಟ್ಟನೆ ಹೇಳಿ, ಉಚ್ಚಾರಣೆ ಸರಿಯಾಯಿತೇ ಎಂದು ನನ್ನತ್ತ ನೋಡುತ್ತಿದ್ದರು.

'ರಘು, ಸಂದರ್ಶನ ಅವರದ್ದು.'

'ಗೊತ್ತು ಮೇಡಂ, ಸಾರಿ. ಅಭ್ಯಾಸ ಆಗ್ಬಿಟ್ಟಿದೆ.'

ಮುಂದಿನ ಪ್ರಶ್ನೆಗೆ ಮತ್ತೆ ಅವರದೇ ಉತ್ತರ. ಕೆಟ್ಟ ಮನುಷ್ಯರಲ್ಲ. ಕಾಫಿ ಮಾಡಿ ತರುತ್ತಿದ್ದವರೂ ಅವರೇ, ಪಾತ್ರೆ ತೊಳೆಯುತ್ತಿದ್ದವರೂ ಅವರೇ. ಹೆಂಡತಿಯ ಮಾತನ್ನೂ ತಾವೇ ಮಾಡಿಬಿಟ್ಟರೆ ಅವಳಿಗೆ ಒಂದು ಹೊರೆ ಕಡಿಮೆ ಎಂದು ತಿಳಿದಂತಿತ್ತು. ಮೂರನೆಯ ಭೇಟಿಯ ಹೊತ್ತಿಗೆ ನನ್ನ ತಾಳ್ಮೆ ತೆಳುವಾಗಿತ್ತು. ಮೇಜಿನ ಮೇಲೆ ಊರಿನಿಂದ ಬಂದ ಕೋಡುಬಳೆಯ ಡಬ್ಬಿ ಇತ್ತು. ನಾನು ಅದನ್ನು ಅವರ ಮುಂದೆ ಸರಿಸಿದೆ.

'ರಘು, ನಾನು ಜಯಶ್ರೀಯನ್ನು ಪ್ರಶ್ನೆ ಕೇಳಿದ ಕೂಡಲೇ ನೀವು ಒಂದು ಕೋಡುಬಳೆ ಬಾಯಿಗೆ ಹಾಕಿಕೊಳ್ಳಬೇಕು. ಪೂರ್ತಿ ಅಗಿದು ನುಂಗುವವರೆಗೆ ಮಾತಿಲ್ಲ.'

'ಪೂರ್ತೀನಾ?'

'ಪೂರ್ತಿ.'

'ಅಮ್ಮ ಮಾಡಿರೋದು ಮೇಡಂ, ಕಲ್ಲಿದ್ದ ಹಾಗಿದೆ.'

'ಇನ್ನೂ ಒಳ್ಳೇದಾಯ್ತು' ಎಂದರು ಜಯಶ್ರೀ. ಅವರು ತಾವಾಗಿ ಆಡಿದ, ನಾನು ಕೇಳಿದ ಮೊದಲ ಮಾತು ಅದು.

ಪ್ರಶ್ನೆ ಕೇಳಿದೆ. ರಘು ಬಾಯಿ ತುಂಬಿಕೊಂಡರು. ಕಟಕಟ ಎಂದು ಅಗಿಯುವ ಶಬ್ದ ಬಿಟ್ಟರೆ ಮನೆ ನಿಶ್ಶಬ್ದ. ಜಯಶ್ರೀ ಗಂಡನನ್ನು ನೋಡಿದರು. ಅಲ್ಲಿಂದ ಸಹಾಯ ಬರುವ ಹಾಗಿರಲಿಲ್ಲ. ನನ್ನನ್ನು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, ಸರಿಯಾದ ಫ್ರೆಂಚಿನಲ್ಲಿ ಹೇಳಿದರು:

'ನಾನು ಸ್ವಾನ್ ವ್ಯಾಲಿಯಲ್ಲಿ ವೈನ್ ತಯಾರಿಸುವವರ ಹತ್ತಿರ ಕೆಲಸ ಮಾಡುತ್ತೇನೆ. ವೈನ್ ರುಚಿ ನೋಡುತ್ತೇನೆ.'

ರಘುಗೆ ಕೋಡುಬಳೆ ನೆತ್ತಿಗೇರಿತು. ನಾನು ನೀರು ತಂದೆ, ಜಯಶ್ರೀ ಬೆನ್ನು ತಟ್ಟಿದರು. ಉಸಿರು ಬಂದ ಕೂಡಲೇ ರಘು ಆಡಿದ ಮಾತು, 'ಅದನ್ಯಾಕೆ ಹೇಳಿದೆ ಕಣೇ!'

'ಅವರು ಕೇಳಿದ್ರಲ್ಲ.'

'ಜ್ಯೂಸ್ ಅಂತ ತಾನೆ ನಾವು ಎಲ್ರಿಗೂ ಹೇಳಿರೋದು!'

ಒಳಗೆ ಆಡುತ್ತಿದ್ದ ತನ್ವಿ ಬಾಗಿಲಿಗೆ ಬಂದು, 'ಶೀ ಡಸಂಟ್ ಡ್ರಿಂಕ್ ಇಟ್! ಶೀ ಸ್ಪಿಟ್ಸ್ ಇಟ್ ಔಟ್!' ಎಂದು ಅಮ್ಮನ ಪರವಾಗಿ ಸಾಕ್ಷಿ ನುಡಿದು ಹೋದಳು.

ಆಗ ವಿಷಯ ಹೊರಬಂತು. ಮೈಸೂರಿನ ಸರಸ್ವತಿಪುರಂನಲ್ಲಿರುವ ರಘು ಅವರ ತಾಯಿ ಮಡಿಯವರು. ಸೊಸೆಗೆ ಕೆಲಸ ಸಿಕ್ಕಾಗ ಏನು ಕಂಪನಿ ಎಂದು ಕೇಳಿದ್ದರು. ರಘು ಫೋನ್ ಹಿಡಿದವರು, 'ದ್ರಾಕ್ಷಿ... ದ್ರಾಕ್ಷಿ ಜ್ಯೂಸ್ ಕಂಪನಿ ಅಮ್ಮ' ಎಂದುಬಿಟ್ಟಿದ್ದರು. ತಾಯಿಗೆ ಹೇಳಿದ್ದನ್ನೇ ಪರ್ತ್‌ನ ಕನ್ನಡದವರಿಗೂ ಹೇಳಬೇಕಾಯಿತು, ಯಾಕೆಂದರೆ ಅವರಲ್ಲಿ ಇಬ್ಬರು ಸರಸ್ವತಿಪುರಂನವರು. ಯುಗಾದಿ ಊಟಕ್ಕೆ ಹೋದರೆ ಯಾರಾದರೂ ಆಂಟಿ, 'ಜಯಾ, ನಿಮ್ ಫ್ಯಾಕ್ಟರಿ ಜ್ಯೂಸ್ ಎರಡು ಬಾಟ್ಲಿ ತರಬಾರ್ದೇನಮ್ಮ?' ಎನ್ನುವರು. ಜಯಶ್ರೀ ಎಲ್ಲಿ ಬಾಯಿಬಿಡುತ್ತಾರೋ ಎಂದು ರಘು ಮುಂದೆ ಬಿದ್ದು ಉತ್ತರಿಸುವರು. ಹೀಗೆ ಒಂದು ಉತ್ತರವನ್ನು ಕಾಯುತ್ತ ಕಾಯುತ್ತ ಅವರು ಹೆಂಡತಿಯ ಎಲ್ಲ ಉತ್ತರಗಳನ್ನೂ ತಾವೇ ಹೇಳತೊಡಗಿದ್ದರು.

'ಇಂಟರ್ವ್ಯೂನಲ್ಲಿ ಫುಡ್ ಇಂಡಸ್ಟ್ರಿ ಅಂತ ಅಂದ್ರೆ ಸಾಲ್ದಾ ಮೇಡಂ?' ಎಂದರು.

'ಅರ್ಜಿಯಲ್ಲಿ ಕಂಪನಿ ಹೆಸರಿದೆ ರಘು. ಏನು ತಯಾರಿಸುತ್ತಾರೆ ಎಂದು ಕೇಳಿಯೇ ಕೇಳುತ್ತಾರೆ. ಇವರು ತಡವರಿಸಿದರೆ ಕೆಲಸ ಸುಳ್ಳು ಎಂದು ತಿಳಿಯುತ್ತಾರೆ. ಆ ಅನುಭವದ ಅಂಕ ಹೋದರೆ ಎಲ್ಲವೂ ಹೋದ ಹಾಗೆ.'

ರಘು ಡಬ್ಬಿಯ ಮುಚ್ಚಳ ಹಾಕಿದರು.

ಅಲ್ಲಿಗೆ ಕಷ್ಟ ಮುಗಿಯಲಿಲ್ಲ. ಗಂಡ ಬಾಯಿ ಮುಚ್ಚಿದರೂ ಜಯಶ್ರೀಯ ಮಾತು ಎರಡು ವಾಕ್ಯಕ್ಕೆ ನಿಲ್ಲುತ್ತಿತ್ತು. 'ರುಚಿ ನೋಡುತ್ತೇನೆ.' ಹೇಗೆ? 'ಚೆನ್ನಾಗಿ.' ಏನು ಹುಡುಕುತ್ತೀರಿ? 'ದೋಷ.' ಎಂಥ ದೋಷ? 'ಬೇರೆ ಬೇರೆ.' ನಾನು ವೈನಿಗೆ ಸಂಬಂಧಿಸಿದ ಫ್ರೆಂಚ್ ಪದಗಳನ್ನು ಹೇಳಿಕೊಟ್ಟೆ. ಕಲಿತರು, ಬರೆದರು, ಬಾಯಲ್ಲಿ ಮಾತ್ರ ಬರಲಿಲ್ಲ. ಪದಗಳಿದ್ದವು, ಹೇಳುವ ಅಭ್ಯಾಸವೇ ಇರಲಿಲ್ಲ. ಈ ಹೆಂಗಸು ತನ್ನ ಕೆಲಸದ ಬಗ್ಗೆ ಯಾರಿಗೂ, ಯಾವ ಭಾಷೆಯಲ್ಲೂ, ಒಂದು ಸಲವೂ ಹೇಳಿಕೊಂಡಿರಲಿಲ್ಲ. ನಾನು ಹೆಚ್ಚು ಮಾತಿನವಳಲ್ಲ. ಹೇಳದೇ ಇಟ್ಟುಕೊಂಡ ಮಾತು ಬೇಕೆಂದಾಗ ಬರುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು.

ಮುಂದಿನ ಭೇಟಿಯಲ್ಲಿ ಜಯಶ್ರೀಯೇ ಕಾರು ಓಡಿಸಿಕೊಂಡು ನನ್ನನ್ನು ಪರ್ತ್ ಹೊರವಲಯದ ಸ್ವಾನ್ ವ್ಯಾಲಿಗೆ ಕರೆದೊಯ್ದರು. ರಜೆಯ ದಿನ. ದ್ರಾಕ್ಷಿ ಬಳ್ಳಿಗಳ ಸಾಲಿನ ಅಂಚಿನಲ್ಲಿ ಕಾರು ನಿಲ್ಲಿಸಿದೆವು. ಫ್ರೆಂಚಿನಲ್ಲಿ ಶುರುಮಾಡಿ ಎಂದೆ. ಮತ್ತದೇ ಎರಡು ವಾಕ್ಯ. ಆಗ ನಾನು ಮದಾಮ್ ಅವರ ನಿಯಮವನ್ನು ಮುರಿದೆ.

'ಫ್ರೆಂಚ್ ಬಿಡಿ ಜಯಶ್ರೀ. ಮೊದಲು ಕನ್ನಡದಲ್ಲಿ ಹೇಳಿ.'

'ಕನ್ನಡದಲ್ಲಿ ಏನಂತ ಹೇಳೋದು ಮೇಡಂ? ಇದಕ್ಕೆಲ್ಲ ಕನ್ನಡದಲ್ಲಿ ಪದ ಎಲ್ಲಿದೆ?'

'ನನಗೆ ವೈನ್ ಗೊತ್ತಿಲ್ಲ, ಸಾರು ಗೊತ್ತು. ನನಗೆ ತಿಳಿಯೋ ಹಾಗೆ ಹೇಳಿ.'

ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಬಳ್ಳಿಗಳ ಕಡೆ ನೋಡುತ್ತ ಶುರುಮಾಡಿದರು.

'ಸಾರಿಗೆ ಹುಣಸೆಹಣ್ಣು ಜಾಸ್ತಿ ಆದ್ರೆ ನಾಲಿಗೆ ಎರಡೂ ಪಕ್ಕ ಜುಮ್ ಅನ್ನತ್ತಲ್ಲ, ಆ ಹುಳಿ ಒಂದು ಥರ. ರಾತ್ರಿ ಹೊರಗಡೆ ಬಿಟ್ಟ ದೋಸೆ ಹಿಟ್ಟಿನ ಹುಳಿ ಇನ್ನೊಂದು ಥರ, ಅದು ಮೂಗಿಗೆ ಮೊದ್ಲು ಬರತ್ತೆ. ಮೊದಲನೇದು ಇರ್ಬೇಕು. ಎರಡನೇದು ಬಂತೂಂದ್ರೆ ಆ ಪೀಪಾಯಿ ಕೆಡ್ತಿದೆ ಅಂತ.'

'ಆಮೇಲೆ?'

'ಆಮೇಲೆ ಒಗರು. ಎಳೇ ಬಾಳೆಕಾಯಿ ಕಚ್ಚಿದ್ರೆ ಬಾಯೆಲ್ಲ ಒಣಗಿ ಹಿಡ್ಕೊಳ್ಳತ್ತಲ್ವಾ? ಕೆಂಪು ವೈನಿಗೆ ಅದು ಬೇಕು, ಆದ್ರೆ ನೆಲ್ಲಿಕಾಯಿ ಥರ ಇರ್ಬೇಕು. ತಿಂದಾದ್ಮೇಲೆ ನೀರು ಕುಡಿದ್ರೆ ಸಿಹಿ ಅನ್ಸತ್ತಲ್ಲ, ಹಾಗೆ ಬಿಟ್ಕೊಡ್ಬೇಕು. ಬಾಳೆಕಾಯಿ ಥರ ಬಾಯಲ್ಲೇ ಕೂತ್ಬಿಟ್ರೆ ಇನ್ನೂ ಇಡಿ, ಈಗಲೇ ಬಾಟ್ಲಿಗೆ ಹಾಕ್ಬೇಡಿ ಅಂತ ಬರೀತೀನಿ. ನಮ್ಮಲ್ಲಿ ಹಳಬರೇ ಒಪ್ಪಲ್ಲ ಮೊದ್ಲು. ಆರು ತಿಂಗಳಾದ್ಮೇಲೆ ಒಪ್ತಾರೆ.'

ಅವರು ನಿಲ್ಲಿಸಲಿಲ್ಲ. ಬಿಸಿಲು ಬಳ್ಳಿಗಳ ಆಚೆ ಬದಿಗೆ ಹೋಗುವವರೆಗೆ ಹೇಳುತ್ತಲೇ ಇದ್ದರು. ಯಾವ ವಾಸನೆ ಬಂದರೆ ಬಾಟಲಿಯ ಬಿರಡೆಯ ದೋಷ, ಉಗಿಯುವಾಗ ನಾಚಿಕೆಯಾಗುತ್ತಿದ್ದದ್ದು, ಈಗ ಆಗದಿರುವುದು, ಕೆಲಸದ ದಿನ ಒಗ್ಗರಣೆಗೆ ಇಂಗು ಹಾಕದಿರುವುದು. ನಾನು ನಡುವೆ ಒಂದೊಂದು ಫ್ರೆಂಚ್ ಪದವನ್ನು ಇಟ್ಟೆ. ಅವರು ಅದನ್ನು ಎತ್ತಿಕೊಂಡು ತಮ್ಮ ಮಾತಿನಲ್ಲಿ ಸೇರಿಸಿಕೊಂಡು ಮುಂದೆ ಹೋದರು. ವಾಪಸು ಬರುವ ದಾರಿಯಲ್ಲಿ ವಾಕ್ಯಕ್ಕೆ ವಾಕ್ಯ ಫ್ರೆಂಚ್ ಆಗತೊಡಗಿತ್ತು.

ಬ್ರಿಸ್ಬೇನ್‌ಗೆ ಮರಳಿ ಮದಾಮ್‌ಗೆ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದರು. ಅದು ಒಳ್ಳೆಯ ಸೂಚನೆಯಲ್ಲ.

'ಒಂದು ಪೂರ್ತಿ ಮಧ್ಯಾಹ್ನ ನಿಮ್ಮ ಭಾಷೆಯಲ್ಲಿ?'

'ಹೌದು.'

'ನಾಳೆ ಎಲ್ಲ ಶಿಕ್ಷಕಿಯರೂ ಇದನ್ನೇ ಮಾಡಿದರೆ ನಾನು ಫ್ರೆಂಚ್ ಶಾಲೆ ನಡೆಸುತ್ತಿದ್ದೇನೆ ಎಂದು ಹೇಗೆ ಹೇಳಲಿ?'

'ಜಯಶ್ರೀ ಈಗ ಫ್ರೆಂಚಿನಲ್ಲಿ ಮಾತಾಡುತ್ತಿದ್ದಾರೆ ಮದಾಮ್. ಫೋನ್‌ನಲ್ಲಿ ನೀವೇ ಕೇಳಿ ನೋಡಿ.'

ಅವರು ಕೇಳಿ ನೋಡಿದರು. ಪಕ್ಕದ ಕೋಣೆಯಿಂದ ಅವರ ದನಿ ಬಹಳ ಹೊತ್ತು ಬರಲೇ ಇಲ್ಲ. ಮದಾಮ್ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಹೊರಬಂದು, 'ಕ್ರಿಯಾಪದಗಳ ಕಡೆ ಇನ್ನೂ ಗಮನ ಬೇಕು' ಎಂದಷ್ಟೇ ಹೇಳಿದರು. ನಿಯಮದ ಮಾತನ್ನು ಮತ್ತೆ ಎತ್ತಲಿಲ್ಲ. ಮೇಲಧಿಕಾರಿಗಳು ಒಪ್ಪಿದೆ ಎಂದು ಹೇಳುವುದಿಲ್ಲ, ಬೇಡ ಎನ್ನುವುದನ್ನು ನಿಲ್ಲಿಸುತ್ತಾರೆ. ಹೊಸಬರು ಅದನ್ನೇ ಒಪ್ಪಿಗೆಯೆಂದು ತಿಳಿದು ಮುಂದೆ ಹೋಗಬೇಕು.

ಆ ಸಲ ಅಧಿಕಾರಿಗಳು ಪರ್ತ್‌ಗೆ ಬರಲಿಲ್ಲ, ಹಾಗಾಗಿ ಜಯಶ್ರೀಯ ಸಂದರ್ಶನ ಅಡಿಲೇಡ್‌ನ ಒಂದು ಹೋಟೆಲ್‌ನಲ್ಲಿ. ಗಂಡ ಹೆಂಡತಿ ಇಬ್ಬರೂ ಒಳಗೆ ಹೋಗಬೇಕು, ಕಲಿಸಿದವರಿಗೆ ಪ್ರವೇಶವಿಲ್ಲ. ನಾನು ಎದುರಿನ ಉದ್ಯಾನದ ಬೆಂಚಿನ ಮೇಲೆ ಕಾದೆ. ಈ ಕೆಲಸದಲ್ಲಿ ಕಲಿಯಲಾಗದ್ದು ಎಂದರೆ ಈ ಕಾಯುವುದೊಂದೇ.

ಇಬ್ಬರೂ ಹೊರಬಂದರು. ರಘು ಮುಖ ಕೆಂಪಾಗಿತ್ತು. ಹೋಯಿತು ಎಂದುಕೊಂಡೆ. ಹತ್ತಿರ ಬಂದ ಮೇಲೆ ಜಯಶ್ರೀ ಕೈಚೀಲದಿಂದ ಆಯ್ಕೆಯ ಪ್ರಮಾಣಪತ್ರ ತೆಗೆದು ನನಗೆ ತೋರಿಸಿದರು. ಇನ್ನು ವೈದ್ಯಕೀಯ ತಪಾಸಣೆಯಂಥವು ಉಳಿದಿದ್ದವು ಅಷ್ಟೇ.

'ಮತ್ತೆ ಯಾಕೆ ಈ ಮುಖ ರಘು?'

'ಇವಳು ಮಾತಾಡಿದ್ಲು ಮೇಡಂ. ಆ ಅಧಿಕಾರಿ ಒಂದು ಕೇಳಿದ್ರೆ ಇವಳು ಹತ್ತು ಹೇಳ್ತಾಳೆ! ಬಾಳೆಕಾಯಂತೆ, ನೆಲ್ಲಿಕಾಯಂತೆ. ಆಯಮ್ಮ ಬರ್ಕೊಳ್ಳೋದು ಬಿಟ್ಟು ಕೆನ್ನೆಗೆ ಕೈಯಿಟ್ಕೊಂಡು ಕೇಳ್ತಾ ಕೂತ್ಬಿಟ್ರು. ಆಮೇಲೆ ನನ್ನ ಕಡೆ ತಿರುಗಿ, ಮನೇಲಿ ನಿಮ್ಮ ಹೆಂಡತಿ ಕೆಲಸದ ಬಗ್ಗೆ ಮಾತಾಡ್ತೀರಾ ಅಂತ ಕೇಳಿದ್ರು.'

'ನೀವು?'

ರಘು ಹೆಂಡತಿಯತ್ತ ನೋಡಿದರು. ಜಯಶ್ರೀ ಉತ್ತರ ಹೇಳಲಿಲ್ಲ, ಕಾದರು.

'ಇಲ್ಲ ಅಂದೆ. ನಾನೇ ಮಾತಾಡಕ್ಕೆ ಬಿಟ್ಟಿರ್ಲಿಲ್ಲ ಅಂದೆ. ಫ್ರೆಂಚ್ ತಪ್ಪಿತ್ತೋ ಏನೋ.'

'ಕ್ರಿಯಾಪದ ತಪ್ಪಿತ್ತು' ಎಂದರು ಜಯಶ್ರೀ. 'ಅವರಿಗೆ ಅರ್ಥ ಆಯ್ತು.'

ಮೈಸೂರಿನಲ್ಲಿ ಆಗ ಬೆಳಗಿನ ಕಾಫಿಯ ಹೊತ್ತು. ರಘು ತಾಯಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, 'ಅಮ್ಮಾ, ಆಯ್ತು!' ಎಂದರು. ಆ ಕಡೆಯಿಂದ ದೇವರ ಹೆಸರುಗಳು ಸಾಲಾಗಿ ಬಂದವು, ಸತ್ಯನಾರಾಯಣ ಪೂಜೆಯ ಮಾತು ಬಂತು, ಅಲ್ಲಿ ಚಳಿ ಎಷ್ಟು ಎಂಬ ವಿಚಾರಣೆ ಬಂತು. ಆಮೇಲೆ, 'ಅಲ್ಲಾ ಕಣೋ, ಅಲ್ಲೂ ಜಯಂಗೆ ಜ್ಯೂಸ್ ಕಂಪನೀಲೇ ಕೆಲಸ ಸಿಗತ್ತೇನೋ?'

ರಘು ಬಾಯಿ ತೆರೆದರು. ಬಾಯಲ್ಲಿ ಏನೂ ಇರಲಿಲ್ಲ, ತಡೆಯುವವರೂ ಇರಲಿಲ್ಲ. ಆದರೂ ಬಾಯಿ ಮುಚ್ಚಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟರು.

ಜಯಶ್ರೀ ಸ್ಪೀಕರ್ ಆರಿಸಿ ಕಿವಿಗಿಟ್ಟುಕೊಂಡರು. 'ಅತ್ತೆ, ನಾನು. ನಿಂತಿದ್ದೀರಾ? ಕಾಫಿ ಲೋಟ ಕೆಳಗಿಟ್ಟು ಕೂತ್ಕೊಳ್ಳಿ, ಹೇಳ್ತೀನಿ.'

ಅತ್ತೆ ಸೊಸೆಯ ಮಾತು ನನಗೆ ಸೇರಿದ್ದಲ್ಲ. ಬ್ರಿಸ್ಬೇನ್ ವಿಮಾನಕ್ಕೆ ಹೊತ್ತಾಗಿತ್ತು. ಚೀಲ ಎತ್ತಿಕೊಂಡು ಹೊರಟೆ. ಉದ್ಯಾನದ ಗೇಟು ದಾಟುವಾಗ ತಿರುಗಿ ನೋಡಿದೆ. ರಘು ಬೆಂಚಿನ ತುದಿಯಲ್ಲಿ ಕೈಕಟ್ಟಿ ಕೂತಿದ್ದರು. ಜಯಶ್ರೀ ಎದ್ದು ನಿಂತು, ಫೋನ್ ಹಿಡಿಯದ ಕೈಯನ್ನು ಗಾಳಿಯಲ್ಲಿ ಆಡಿಸುತ್ತ, ಹೇಳುತ್ತಲೇ ಇದ್ದರು.